ಸ್ವಾಮಿಗಳಿಗೊಂದು ದೇಶ ಬೇಕಾಗಿದೆ

ಬೊಲಿವಿಯಾದವರಿಗೆ ದೊಡ್ಡ ಮನಸ್ಸಿಲ್ಲ ಬಿಡಿ. 2025ರ ಮಾರ್ಚಿನಲ್ಲಿ ನಮ್ಮ ಬಿಡದಿಯ ನಿತ್ಯಾನಂದ ಸ್ವಾಮಿಗಳ ‘ಕೈಲಾಸ’ ಅನ್ನೋ ಸ್ವಯಂಘೋಷಿತ ದೇಶದ ಇಪ್ಪತ್ತು ಮಂದಿಯನ್ನು ಹಿಡಿದು ಅವರವರ ದೇಶಕ್ಕೆ ವಾಪಸ್ ಕಳಿಸಿಬಿಟ್ಟರು. ಪಾಪ, ಅವರು ಕೇಳಿದ್ದಾದರೂ ಏನು? ಕಾಡಿನ ಮೂಲನಿವಾಸಿಗಳ ಹತ್ತಿರ ಒಂದಿಷ್ಟು ಜಮೀನು, ಗುತ್ತಿಗೆಗೆ. ಎಷ್ಟು ವರ್ಷಕ್ಕೆ? ಒಂದು ಸಾವಿರ ವರ್ಷಕ್ಕೆ! ನಮ್ಮ ಬೆಂಗಳೂರಿನ ಮನೆ ಓನರುಗಳು ಹನ್ನೊಂದು ತಿಂಗಳ ಅಗ್ರಿಮೆಂಟಿಗೇ ನೂರೆಂಟು ಕಂಡೀಷನ್ ಹಾಕ್ತಾರೆ.

ಇಂಥ ಸುದ್ದಿ ಬಂದಾಗಲೆಲ್ಲ ಭಕ್ತರ ಕಡೆಯಿಂದ ಅದೇ ಹಳೆ ಅಳಲು. ಸ್ವಾಮಿಗಳಿಗೆ ಕಿರುಕುಳ ಆಗ್ತಿದೆ, ಯಾವುದಾದರೂ ದೇಶ ಆಶ್ರಯ ಕೊಡಬಾರದಾ? ನಿಜ, ಕಿರುಕುಳವೇ. ಅತ್ಯಾಚಾರದ ಆರೋಪವಿದೆ, 2010ರ ಕೇಸು, ವಿಚಾರಣೆಗೆ ಬನ್ನಿ ಅಂತ ರಾಮನಗರದ ಕೋರ್ಟು ಕರೆಯುತ್ತದೆ. ಇದಕ್ಕಿಂತ ಹಿಂಸೆ ಉಂಟೇ? ಬಿಡದಿಯ ಆಶ್ರಮದಿಂದ ರಾಮನಗರ ಅಬ್ಬಬ್ಬಾ ಅಂದ್ರೆ ಅರ್ಧ ಗಂಟೆ ದಾರಿ. ನಿಧಾನಕ್ಕೆ ಎರಡು ತಟ್ಟೆ ಇಡ್ಲಿ ತಿಂದು ಹೊರಟರೂ ಕಲಾಪ ಶುರುವಾಗುವ ಹೊತ್ತಿಗೆ ಮುಟ್ಟಬಹುದು. ಸ್ವಾಮಿಗಳು ಸ್ವಲ್ಪ ಸುತ್ತು ದಾರಿ ಹಿಡಿದರು. ಈಕ್ವೆಡಾರ್ ಮೇಲೆ ಹೋದರು.

ಈಕ್ವೆಡಾರ್ ಕೂಡ ಕೈ ಕೊಟ್ಟಿತು. 2019ರ ಡಿಸೆಂಬರಿನಲ್ಲಿ ಅವರ ರಾಯಭಾರ ಕಚೇರಿಯೇ ಹೇಳಿಕೆ ಕೊಟ್ಟಿತು: ನಾವು ಇವರಿಗೆ ಆಶ್ರಯ ಕೊಟ್ಟಿಲ್ಲ, ದ್ವೀಪ ಕೊಳ್ಳೋಕೆ ಸಹಾಯ ಮಾಡಿಲ್ಲ, ಕೇಳಿದ್ದರು, ಇಲ್ಲ ಅಂದೆವು, ಬಹುಶಃ ಹೈಟಿ ಕಡೆ ಹೋಗಿರಬೇಕು.

ಇತ್ತ ನಮ್ಮ ಪೊಲೀಸರು ಸುಮ್ನೆ ಕೂತಿರಲಿಲ್ಲ. 2020ರಲ್ಲಿ ಹೈಕೋರ್ಟ್ ನೋಟಿಸ್ ಹಿಡಿದು ಹೋದರು. ಬಂದು ಕೋರ್ಟಿಗೆ ತಿಳಿಸಿದ್ದು ಇಷ್ಟು: ಸ್ವಾಮಿಗಳು ಆಧ್ಯಾತ್ಮಿಕ ಪ್ರವಾಸದಲ್ಲಿದ್ದಾರೆ, ನೋಟಿಸನ್ನು ಶಿಷ್ಯೆಯೊಬ್ಬರ ಕೈಗೆ ಕೊಟ್ಟಿದ್ದೇವೆ. ಎಂಥ ಭಕ್ತಿ ನೋಡಿ! ಕೋಳಿ ಕದ್ದವನ ಮನೆಗೆ ಹೋದ ಕಾನ್‌ಸ್ಟೇಬಲ್ ವಾಪಸ್ ಬಂದು "ಸಾರ್, ಅವನು ತೀರ್ಥಯಾತ್ರೆಗೆ ಹೋಗಿದ್ದಾನೆ" ಅಂತ ಬರೆದುಕೊಟ್ಟರೆ ಇನ್‌ಸ್ಪೆಕ್ಟರು ಏನು ಮಾಡ್ತಾರೆ? ಹೈಕೋರ್ಟು ಕೊನೆಗೆ ಜಾಮೀನು ರದ್ದು ಮಾಡಿತು. ರದ್ದಾದ ಜಾಮೀನು ಇಲ್ಲಿ, ಸ್ವಾಮಿಗಳು ಇನ್ನೆಲ್ಲೋ.

ಈಕ್ವೆಡಾರ್ ಮೊದಲು ಹೀಗಿರಲಿಲ್ಲ. ಅಮೆರಿಕದ ಸರ್ಕಾರಿ ಗುಟ್ಟುಗಳನ್ನು ಹೊರಹಾಕಿದ ವಿಕಿಲೀಕ್ಸ್‌ನ ಜೂಲಿಯನ್ ಅಸಾಂಜ್ ನೆನಪಿದ್ದಾರಲ್ಲ? 2012ರ ಜೂನಿನಲ್ಲಿ ಲಂಡನ್ನಿನ ಈಕ್ವೆಡಾರ್ ರಾಯಭಾರ ಕಚೇರಿಗೆ ಹೊಕ್ಕವರು ಹತ್ತಿರ ಹತ್ತಿರ ಏಳು ವರ್ಷ ಆಚೆ ಬರಲಿಲ್ಲ. ಸ್ವೀಡನ್ನಿನ ಇಬ್ಬರು ಹೆಂಗಸರು ಅವರ ಮೇಲೆ ಲೈಂಗಿಕ ದೌರ್ಜನ್ಯದ ದೂರು ಕೊಟ್ಟಿದ್ದರು. ಅತ್ತ ಅಮೆರಿಕ ಹಲ್ಲು ಮಸೆಯುತ್ತಿತ್ತು, ತನ್ನನ್ನು ಅಲ್ಲಿಗೆ ಒಪ್ಪಿಸಿಬಿಡ್ತಾರೆ ಅನ್ನೋ ಅವರ ಭಯ ಸುಳ್ಳಲ್ಲ ಅಂತ ಆಮೇಲೆ ಎಲ್ಲರಿಗೂ ಗೊತ್ತಾಯಿತು. ಆದರೆ ಆಗಿನ ಚರ್ಚೆ ನೋಡಬೇಕಿತ್ತು. ಅಮೆರಿಕದ ಗುಟ್ಟು ಬಯಲು ಮಾಡಿದವನು, ಹಾಗಾಗಿ ಹೆಂಗಸರು ಹೇಳುತ್ತಿರುವುದು ಸುಳ್ಳು! ಈ ತರ್ಕ ಯಾವ ಕಾಲೇಜಲ್ಲಿ ಕಲಿಸ್ತಾರೋ. ಬ್ರಿಟನ್ನಿನ ಸಂಸದ ಜಾರ್ಜ್ ಗ್ಯಾಲೋವೇ ಅಂತೂ ಆರೋಪವೆಲ್ಲ ನಿಜ ಅಂತಲೇ ಇಟ್ಟುಕೊಂಡರೂ ಅದು ಅತ್ಯಾಚಾರವಲ್ಲ, ಹಾಸಿಗೆಯಲ್ಲಿ ಶಿಷ್ಟಾಚಾರ ಇಲ್ಲದ ನಡತೆ ಅಷ್ಟೇ ಎಂಬರ್ಥದ ಮಾತಾಡಿದರು. ಊಟದ ಮನೆಯಲ್ಲಿ ಸೊರ್ ಸೊರ್ ಅಂತ ಸಾರು ಕುಡಿದ ಹಾಗೆ!

ಕೊನೆಗೆ ಆತಿಥೇಯರಿಗೇ ಸಾಕಾಯಿತು. ಬೆಕ್ಕಿಗೆ ಸರಿಯಾಗಿ ಊಟ ಹಾಕಿ, ಬಚ್ಚಲು ತೊಳೆಯಿರಿ ಅಂತ 2018ರಲ್ಲಿ ಅತಿಥಿಗೆ ನಿಯಮ ಬರೆದುಕೊಟ್ಟರು. ಮಾರನೆ ವರ್ಷ ಬಾಗಿಲು ತೆಗೆದು ಬ್ರಿಟಿಷ್ ಪೊಲೀಸರನ್ನು ಒಳಗೆ ಬಿಟ್ಟರು. ಆ ವರ್ಷವೇ ಸ್ವೀಡನ್ ತನಿಖೆ ಕೈಬಿಟ್ಟಿತು. ಕಾರಣ? ಕಾಲ ಜಾಸ್ತಿ ಕಳೆದು ಸಾಕ್ಷ್ಯ ಸೊರಗಿದೆ. ತಪ್ಪಿತಸ್ಥ ಅಂತಲೂ ಆಗಲಿಲ್ಲ, ನಿರಪರಾಧಿ ಅಂತಲೂ ಆಗಲಿಲ್ಲ. ಇನ್ನೊಂದು ತಮಾಷೆ ಇದೆ. ಅಸಾಂಜ್‌ಗೆ ಆಶ್ರಯ ಕೊಟ್ಟ ಅಧ್ಯಕ್ಷ ರಫಾಯೆಲ್ ಕೊರೆಯಾ ಅವರಿಗೆ ಲಂಚದ ಕೇಸಲ್ಲಿ ಎಂಟು ವರ್ಷ ಶಿಕ್ಷೆಯಾಯಿತು. 2022ರಲ್ಲಿ ಅವರಿಗೆ ಬೆಲ್ಜಿಯಂ ಆಶ್ರಯ ಕೊಟ್ಟಿತು.

ನಮ್ಮ ಸ್ವಾಮಿಗಳು ಇವರೆಲ್ಲರಿಗಿಂತ ಮುಂದೆ. ಯಾರೂ ದೇಶ ಕೊಡದಿದ್ದರೆ ತಾವೇ ಒಂದು ಮಾಡಿಕೊಂಡರು. 2020ರ ಗಣೇಶ ಚೌತಿಗೆ ರಿಸರ್ವ್ ಬ್ಯಾಂಕ್, ಚಿನ್ನದ ನಾಣ್ಯ. ಆ ವರ್ಷದ ಕೊನೆಗೆ ವೀಸಾ: ಆಸ್ಟ್ರೇಲಿಯಾದಿಂದ ವಿಮಾನ, ಮೂರು ದಿನ ಊಟ ವಸತಿ ಫ್ರೀ. ಒಂದು ಕೈಯಲ್ಲಿ ಆಶ್ರಯದ ಅರ್ಜಿ, ಇನ್ನೊಂದು ಕೈಯಲ್ಲಿ ವೀಸಾ ಸೀಲು. ಅಮೆರಿಕದ ನ್ಯೂವಾರ್ಕ್ ನಗರದವರು ಇದನ್ನು ನಂಬಿ ಸೋದರಿ ನಗರ ಅಂತ ಸಹಿ ಹಾಕಿ, ವಾರದೊಳಗೆ ಅಳಿಸಿಕೊಂಡರು. ಪರಾಗ್ವೆಯ ಕೃಷಿ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಕೈಲಾಸದ ಕಾಗದಕ್ಕೆ ಸಹಿ ಹಾಕಿ ಕೆಲಸವನ್ನೇ ಕಳೆದುಕೊಂಡರು. 2023ರ ಫೆಬ್ರವರಿಯಲ್ಲಿ ಜಿನೀವಾದ ವಿಶ್ವಸಂಸ್ಥೆಯ ಸಭೆಗಳಿಗೂ ಕೈಲಾಸದ ಪ್ರತಿನಿಧಿಗಳು ಹೋಗಿ ಸ್ವಾಮಿಗಳಿಗೆ ಆದ ಕಿರುಕುಳ ವಿವರಿಸಿದರು. ಅವರು ಕೂತ ಸಭೆಗಳಲ್ಲಿ ಒಂದು ಯಾವುದು ಗೊತ್ತಾ? ಮಹಿಳೆಯರ ಮೇಲಿನ ತಾರತಮ್ಯ ತೊಡೆಯುವ ಸಮಿತಿಯದ್ದು.

ಇಲ್ಲಿ ನಗು ನಿಂತುಹೋಗುತ್ತದೆ ನನಗೆ. ಆಶ್ರಯ ಅನ್ನುವುದು ಯಾರಿಗೆ ಇರೋದು? ಮನೆ ಸುಟ್ಟು, ಮಕ್ಕಳನ್ನು ಎತ್ತಿಕೊಂಡು ರಾತ್ರೋರಾತ್ರಿ ಗಡಿ ದಾಟಿದವರಿಗೆ. ಅವರು ವರ್ಷಗಟ್ಟಲೆ ಟೆಂಟಿನಲ್ಲಿ ಕೂತು ಒಂದು ಸಂದರ್ಶನಕ್ಕೆ ಕಾಯ್ತಾರೆ. 1951ರ ನಿರಾಶ್ರಿತರ ಒಪ್ಪಂದದಲ್ಲೇ ಬರೆದಿದೆ, ರಾಜಕೀಯವಲ್ಲದ ಗಂಭೀರ ಅಪರಾಧ ಮಾಡಿದ್ದಾನೆ ಅನ್ನಲು ಬಲವಾದ ಕಾರಣ ಇದ್ದರೆ ಅವನಿಗೆ ಈ ರಕ್ಷಣೆ ಇಲ್ಲ ಅಂತ. ಆರೋಪ ಸುಳ್ಳೇ ಇರಬಹುದು. ಇದ್ದರೆ ಬಂದು ಹೇಳಲಿ, ವಕೀಲರಿಗೇನು ಬರವೇ? ಅದು ಬಿಟ್ಟು ಎಲ್ಲರೂ ಮಾತಾಡೋದು ಧರ್ಮದ ಮೇಲಿನ ದಾಳಿ, ಅಂತರರಾಷ್ಟ್ರೀಯ ಪಿತೂರಿ. ದೂರು ಕೊಟ್ಟ ಹೆಂಗಸಿಗೆ ಮಾತ್ರ ಅದೇ ಪ್ರಶ್ನೆ, ಇಷ್ಟು ದಿನ ಯಾಕೆ ಸುಮ್ನಿದ್ದೆ? ಕೇಸು ಹದಿನೈದು ವರ್ಷ ಎಳೆದಿದ್ದು ಯಾಕೆ ಅಂತ ಸ್ವಾಮಿಗಳನ್ನು ಕೇಳುವವರಿಲ್ಲ. ಸೂರ್ಯೋದಯವನ್ನೇ ನಲವತ್ತು ನಿಮಿಷ ತಡ ಮಾಡಿಸಿದೆ ಅಂದವರಿಗೆ ಒಂದು ಕೋರ್ಟ್ ಯಾವ ಲೆಕ್ಕ?

ಇರಲಿ. ಅಕಸ್ಮಾತ್ ಮನಸ್ಸು ಬದಲಾಗಿ ಬರುವುದಾದರೆ ಒಂದು ಮಾತು ಹೇಳಿರ್ತೀನಿ. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಾಯಿಸಿದ್ದಾರೆ. ಅದನ್ನು ನಂಬಿ ಜಯನಗರದಲ್ಲಿ ಇಳಿದುಬಿಡಬೇಡಿ ಸ್ವಾಮಿ. ಮೈಸೂರು ರೋಡಲ್ಲೇ ಬನ್ನಿ, ಬಿಡದಿ ದಾಟಿದ ಮೇಲೆ ರಾಮನಗರ. ಕೋರ್ಟ್ ಎಲ್ಲಿ ಅಂತ ಯಾವ ಆಟೋದವರನ್ನು ಕೇಳಿದರೂ ತೋರಿಸ್ತಾರೆ.