ಫಿಜಾಕ್‌ನಲ್ಲಿ ಅಕ್ಷರ ತುಳಿದದ್ದು

ಕಾಲಿಗೆ ಪುಸ್ತಕ ತಾಗಿದರೆ ಕೈ ತಾನಾಗಿ ಕಣ್ಣಿಗೆ ಹೋಗುತ್ತದಲ್ಲ, ಫ್ರಾನ್ಸಿನ ತುಲೂಸ್‌ಗೆ ಬಂದು ಹದಿನಾಲ್ಕು ವರ್ಷವಾದರೂ ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಹೋದ ಅಕ್ಟೋಬರಿನಲ್ಲಿ ಅದೇ ನನ್ನನ್ನು ಸಿಕ್ಕಿಸಿಹಾಕಿತು. ಫಿಜಾಕ್ ಎಂಬ ಊರಿನ ಹಳೇ ಗಲ್ಲಿಗಳಲ್ಲಿ ತಿರುಗುತ್ತಾ ಒಂದು ಚೌಕಕ್ಕೆ ಕಾಲಿಟ್ಟೆ, ನೋಡಿದರೆ ಕೆಳಗೆಲ್ಲ ಅಕ್ಷರ. ನಮ್ಮ ಕಣದಂತೆ ಅಗಲಕ್ಕೆ ಹಾಸಿದ ಕರಿಯ ಗ್ರಾನೈಟ್ ಮೇಲೆ ಹಕ್ಕಿ, ಹಾವು, ಕಣ್ಣುಗಳ ಸಾಲು. ಒಬ್ಬ ಹುಡುಗ ಅದರ ಮೇಲೇ ಕುಳಿತು ಶೊಕೊಲಾಟೀನ್ ತಿನ್ನುತ್ತಿದ್ದ. ನಾನು ಬಗ್ಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಜೊತೆಗಿದ್ದ ಮದಾಮ್ ನೋಡಿಯೇಬಿಟ್ಟರು. ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಯ ಯಜಮಾನಿ ಅವರು, ಎಪ್ಪತ್ತು ದಾಟಿದವರು, ಶನಿವಾರದ ಸಂತೆಗೆ ಹೊರಟವರು ದಾರಿ ತೋರಿಸಲು ಬಂದಿದ್ದರು. ಯಾಕೆ ಹಾಗೆ ಮಾಡಿದೆ ಅಂತ ಹೇಳಿದೆ. ಅವರಿಗೆ ತುಂಬಾ ಹಿಡಿಸಿತು. "ಹಾಗಾದರೆ ನಿಮ್ಮೂರಲ್ಲೂ ಬರೆದ ಕಲ್ಲು ಇರಬೇಕಲ್ಲ?" ಎಂದರು. ನಾನು ಎದೆಯುಬ್ಬಿಸಿ, "ಇದು ಈಜಿಪ್ಟಿನ ರೊಸೆಟ್ಟಾ ಕಲ್ಲಿನ ನಕಲು ಮದಾಮ್, ನಮ್ಮಲ್ಲಿ ಅಸಲಿ ಕಲ್ಲೇ ಇದೆ, ಊರ ಬಾಗಿಲಲ್ಲೇ" ಎಂದೆ. "ಹೌದಾ! ಏನಂತ ಬರೆದಿದೆ?"

ಗೊತ್ತಿದ್ದರೆ ತಾನೆ ಹೇಳಲಿಕ್ಕೆ.

ಫಿಜಾಕ್‌ಗೆ ನಾನು ಹೋದದ್ದು ಕೆಲಸದ ಮೇಲೆ. ಹತ್ತು ಸಾವಿರದಷ್ಟು ಜನರ ಈ ಊರಿನಲ್ಲಿ ವಿಮಾನದ ಪ್ರೊಪೆಲ್ಲರ್ ಮಾಡುವ ಕಾರ್ಖಾನೆಯಿದೆ. ಎ400ಎಂ ಸೇನಾ ವಿಮಾನದ ಎಂಟು ಅಲಗಿನ ಪ್ರೊಪೆಲ್ಲರ್ ಅವರದೇ. ಆದರೆ ಊರು ಮೆರೆಸುವುದು ಅದನ್ನಲ್ಲ, ಈಜಿಪ್ಟಿನ ಚಿತ್ರಲಿಪಿ ಓದಿದ ಶಾಂಪೋಲಿಯನ್‌ನನ್ನು. ಪುಸ್ತಕದಂಗಡಿಯವನ ಮಗ, 1790ರ ಡಿಸೆಂಬರ್ 23ರಂದು ಇಲ್ಲಿ ಹುಟ್ಟಿದವನು. ಹತ್ತು ವರ್ಷಕ್ಕೇ ಓದಲು ಗ್ರನೋಬ್ಲ್‌ನಲ್ಲಿದ್ದ ಅಣ್ಣನ ಹತ್ತಿರ ಹೊರಟುಹೋದ. ಮತ್ತೆ ಇಲ್ಲಿ ಹೆಚ್ಚು ಕಾಲ ನಿಂತದ್ದು 1816ರಲ್ಲಿ, ನೆಪೋಲಿಯನ್ ಪರ ವಹಿಸಿದ್ದಕ್ಕೆ ಸರ್ಕಾರ ಅಣ್ಣತಮ್ಮಂದಿರಿಬ್ಬರನ್ನೂ ಗಡೀಪಾರು ಮಾಡಿ ಇಲ್ಲಿಗೆ ಅಟ್ಟಿದಾಗ. ಒಂದೇ ಶಾಸನವನ್ನು ಚಿತ್ರಲಿಪಿಯಲ್ಲೂ ಗ್ರೀಕಿನಲ್ಲೂ ಕೆತ್ತಿದ ರೊಸೆಟ್ಟಾ ಕಲ್ಲಂತೂ ಈ ಊರಿನ ಮುಖವನ್ನೇ ಕಂಡಿಲ್ಲ. 1799ರಲ್ಲಿ ಈಜಿಪ್ಟಿನಲ್ಲಿ ಸಿಕ್ಕಿತು, ಇಂಗ್ಲಿಷರ ಕೈಸೇರಿತು, 1802ರಿಂದ ಲಂಡನ್ನಿನಲ್ಲಿದೆ. ಈತ ಅದರ ಪ್ರತಿಗಳನ್ನು ಮುಂದಿಟ್ಟುಕೊಂಡೇ ಗುದ್ದಾಡಿ 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ. ಅಷ್ಟು ಎಳೆ ಸಾಕಾಯಿತು ಇವರಿಗೆ. ಅವನು ಹುಟ್ಟಿದ ಮನೆಯನ್ನು ಲೋಕದ ಲಿಪಿಗಳ ಮ್ಯೂಸಿಯಂ ಮಾಡಿದರು. 1991ರಲ್ಲಿ ಜೋಸೆಫ್ ಕೊಸೂತ್ ಎಂಬ ಅಮೆರಿಕದ ಕಲಾವಿದ ಜಿಂಬಾಬ್ವೆಯ ಗ್ರಾನೈಟ್‌ನಲ್ಲಿ ಈ ದೈತ್ಯ ಪ್ರತಿ ಮಾಡಿಕೊಟ್ಟ. ನಕಲಿಗೆ ಒಂದು ಚೌಕ!

ಊರಿನ ನೆಲ ಮಾತ್ರ ನನಗೆ ಹೊಸದೆನಿಸಲಿಲ್ಲ. ಒಂದು ಕಡೆ ಸೆಗಾಲಾ ಎಂಬ ಗುಡ್ಡಸೀಮೆ, ರೈ ಧಾನ್ಯ, ಚೆಸ್ಟ್‌ನಟ್ ಮರಗಳು. ಇನ್ನೊಂದು ಕಡೆ ಕೋಸ್ ಎಂಬ ಸುಣ್ಣಕಲ್ಲಿನ ಒಣ ಬಯಲು, ಕುರಿಗಳು. ಎರಡೂ ಸೇರುವಲ್ಲಿ ಊರು. ನಾನು ಶಿಕಾರಿಪುರದ ಕಡೆಯವನು, ಅರೆಮಲೆನಾಡೆಂದರೆ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹರಿಯುವ ಹೊಳೆಯ ಹೆಸರು ಸೆಲೆ! ಅವರು ಲ್ಯಾಟಿನ್‌ನಲ್ಲಿ ಅರ್ಥ ಹುಡುಕಿಕೊಳ್ಳಲಿ, ನನಗೆ ಕನ್ನಡವೇ ಸಾಕು. ಹಳೇ ಮನೆಗಳ ತುದಿಯಲ್ಲಿ, ಸೂರಿನ ಕೆಳಗೆ, ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತ ಸೊಲೆಯೊ ಎಂಬ ಅಟ್ಟವಿರುತ್ತದೆ. ಚರ್ಮ ಹದಮಾಡುವವರು ಅಲ್ಲಿ ತೊಗಲು ಒಣಗಿಸುತ್ತಿದ್ದರಂತೆ. ಅಡಿಕೆ ಹರವಿದರೆ ಚೆನ್ನಾಗಿ ಒಣಗೀತು ಅಂದುಕೊಂಡೆ.

ಆ ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಅರಳಿಕಟ್ಟೆ ಹತ್ರದ ಕಲ್ಲಾ? ವೀರಗಲ್ಲು ಮಾರಾಯ. ಅದ್ರಲ್ಲಿ ಏನು ಬರ್ದಿದೆ ಅಂತ ಕೇಳಕ್ಕೆ ಫ್ರಾನ್ಸಿಂದ ಫೋನಾ?"

ಸಿಟ್ಟು ಬಂತು, ನನ್ನ ಮೇಲೂ. ಮೂರು ಅಂಕಣದ ಕಲ್ಲು ಅದು. ಕೆಳಗೆ ತುರು ಬಿಡಿಸಲು ಹೋಗಿ ಬಡಿದಾಡುತ್ತಿರುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ಅವನೇ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ. ನಾವು ಹುಡುಗರಿದ್ದಾಗ ಅದಕ್ಕೆ ಸೈಕಲ್ ಒರಗಿಸುತ್ತಿದ್ದೆವು, ಯಾರದೋ ಎಮ್ಮೆ ಅಲ್ಲೇ ಮೈ ಉಜ್ಜುತ್ತಿತ್ತು. ಕೆರೆ ಏರಿಯ ಮೇಲೆ ಇನ್ನೊಂದಿತ್ತು. ನಿಧಿ ಇದೆ ಅಂತ ಯಾರೋ ರಾತ್ರೋರಾತ್ರಿ ಅಗೆದು ಎರಡು ತುಂಡು ಮಾಡಿದರು, ಒಂದು ತುಂಡು ಬಟ್ಟೆ ಒಗೆಯುವ ಕಲ್ಲಾಯಿತು. ಕದಂಬರ ಸ್ತಂಭಶಾಸನವಿರುವ ತಾಳಗುಂದಕ್ಕೆ ಬಸ್ಸಿನಲ್ಲಿ ಹತ್ತಿರದ ದಾರಿ. ಮಯೂರವರ್ಮನ ಪ್ರಶ್ನೆಗೆ ಪರೀಕ್ಷೆಯಲ್ಲಿ ಐದು ಅಂಕ ತೆಗೆದೆನೇ ಹೊರತು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಆ ಕಂಬ ನೋಡಿರಲಿಲ್ಲ. ಶಾಲೆಯಿಂದ ಕರೆದುಕೊಂಡು ಹೋದದ್ದು ಜೋಗಕ್ಕೆ. ನಮ್ಮ ನಾಡಿನ ಶಾಸನಗಳನ್ನು ಕಲೆಹಾಕಿದ ಬಿ. ಎಲ್. ರೈಸ್ ಸಾಹೇಬರು 1902ರಲ್ಲೇ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ್ದಾರೆ. ಅಂದರೆ ಗುಟ್ಟು ಬಿಡಿಸಲು ನಮಗೆ ಶಾಂಪೋಲಿಯನ್ ಕೂಡ ಬೇಕಿಲ್ಲ, ಪುಟ ತಿರುವಿದರೆ ಆಯಿತು. ಕಲ್ಲಿನ ಪಕ್ಕ ಒಂದು ಬೋರ್ಡು ನೆಡಲು ಎಷ್ಟು ಖರ್ಚು? ಅಷ್ಟೇ ಅಗಲದ ಫ್ಲೆಕ್ಸುಗಳಲ್ಲಿ ಹುಟ್ಟುಹಬ್ಬದ ಶುಭಾಶಯ ಕೋರಲು ನಮ್ಮೂರಿನಲ್ಲಿ ಯಾವತ್ತೂ ದುಡ್ಡಿಗೆ ಬರವಿಲ್ಲ.

ಇದನ್ನೆಲ್ಲ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮದಾಮ್‌ಗೆ ಹೇಳಿದೆ, ಮಾನ ಹೋದರೂ ಹೋಗಲಿ ಅಂತ. ಅವರು ನಗಲಿಲ್ಲ. ನಿಮ್ಮೂರಲ್ಲಿ ಮಕ್ಕಳು ಆ ಕಲ್ಲಿನ ಭಾಷೆ ಆಡುತ್ತಾರಾ ಅಂತ ಕೇಳಿದರು. ಭಾಷೆ ಹಳಗನ್ನಡ, ಆದರೂ ಅದೇ ಮನೆತನದ್ದು, ಆಡುತ್ತಾರೆ, ಅದರಲ್ಲೇ ಬೈಯುತ್ತಾರೆ ಎಂದೆ. ಅವರ ಅಜ್ಜಿ ಆಡುತ್ತಿದ್ದದ್ದು ಆಕ್ಸಿಟಾನ್, ದಕ್ಷಿಣ ಫ್ರಾನ್ಸಿನ ಹಳೇ ನುಡಿ. ಶಾಲೆಯಲ್ಲಿ ಆ ಮಾತು ಬಾಯಿಂದ ಬಂದರೆ ಮೇಷ್ಟ್ರು ಶಿಕ್ಷೆ ಕೊಡುತ್ತಿದ್ದರಂತೆ. ಅಜ್ಜಿ ತನ್ನ ಮಕ್ಕಳ ಜೊತೆ ಫ್ರೆಂಚ್‌ನಲ್ಲೇ ಮಾತಾಡಿದಳು. ಮದಾಮ್‌ಗೆ ಉಳಿದಿರುವುದು ಕೆಲವು ತಿಂಡಿಯ ಹೆಸರು, ಒಂದೆರಡು ಬೈಗುಳ. ಶಾಂಪೋಲಿಯನ್‌ನ ಅಣ್ಣನೇ 1809ರಲ್ಲಿ ಫ್ರಾನ್ಸಿನ ಆಡುನುಡಿಗಳ ಮೇಲೆ ಪುಸ್ತಕ ಬರೆದವನು ಅಂತ ಹೇಳಿ, "ಸತ್ತ ಲಿಪಿಗೆ ಬಾಯಿ ಬರಿಸಿದ ಊರು ನಮ್ಮದು, ನೋಡಿ" ಎಂದು ಬ್ರೆಡ್ ಕೊಯ್ಯತೊಡಗಿದರು. ನನ್ನ ಬೆಂಗಳೂರಿನ ಅಣ್ಣನ ಮಕ್ಕಳು ಅಜ್ಜಿಯ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುವುದನ್ನು ನಾನು ಹೇಳಲಿಲ್ಲ.

ಅಷ್ಟರಲ್ಲಿ ವಾಟ್ಸಾಪ್ ಸದ್ದಾಯಿತು. ಬೈದರೂ ದೊಡ್ಡಪ್ಪ ಹೋಗಿದ್ದಾನೆ, ಬರಹ ಕಾಣಲಿ ಅಂತ ಕಲ್ಲಿಗೆ ಒಂದು ಕೊಡ ನೀರು ಹೊಯ್ದು ಫೋಟೋ ತೆಗೆದಿದ್ದಾನೆ. ಕಲ್ಲಿನ ತಲೆಯ ಮೇಲೆ ಚೆಂಡುಹೂವು, ಬುಡದಲ್ಲಿ ಹಾಲಿನ ಕ್ಯಾನು. ನಾನು ಸಿಟ್ಟಿನಲ್ಲಿ ಮರೆತಿದ್ದೆ, ಆ ಕಲ್ಲಿಗೆ ಅಮಾವಾಸ್ಯೆಗೊಮ್ಮೆ ಪೂಜೆಯಾಗುತ್ತದೆ, ಅದಕ್ಕೇ ಅದನ್ನು ಯಾರೂ ಅಗೆದಿಲ್ಲ. ಜೊತೆಗೊಂದು ವಾಯ್ಸ್ ಮೆಸೇಜು: "ಮೊದ್ಲನೇದು ಸ್ವಸ್ತಿ ಅಂತೆ ಕಣೋ, ಹೈಸ್ಕೂಲ್ ಮೇಷ್ಟ್ರು ಹೇಳಿದ್ರು. ಮುಂದಿಂದು ಅವ್ರಿಗೂ ಬರಲ್ಲ."

ಮದಾಮ್ ಕನ್ನಡಕ ಹಾಕಿಕೊಂಡು ಬಗ್ಗಿದರು, ಓದಿ ಎಂದರು. ಸ್ವಸ್ತಿ ಎಂದೆ. ಅವರೂ ಅಂದರು, ಸ್ವಸ್ತಿ. ಮುಂದಿನ ಅಕ್ಷರಗಳನ್ನು ಬೆರಳಿನಿಂದ ದೊಡ್ಡದು ಮಾಡಿದೆ. ಅವುಗಳ ಮೇಲೆ ಕುಂಕುಮ ಮೆತ್ತಿತ್ತು.