ಬಸ್‌ಸ್ಟಾಪ್ ಕಟ್ಟುವ ಮುಂಚೆ ನಮ್ಮನ್ನೊಂದು ಮಾತು ಕೇಳಬಾರದಿತ್ತಾ?

ಕೊಡಗಿನ ನಮ್ಮ ಪೇಟೆಯಲ್ಲಿ ಹೊಸ ಬಸ್ ತಂಗುದಾಣ ಕಟ್ಟಿದ್ದಾರೆ. ಮೂರು ಕಡೆ ಗೋಡೆ. ಮುಂದೆ ಅರ್ಧದಷ್ಟು ಜಾಗಕ್ಕೆ ಅಡ್ಡವಾಗಿ, ದುಡ್ಡು ಕೊಡಿಸಿದವರ ಹೆಸರು, ಫೋಟೊ ಇರುವ ಬೋರ್ಡು. ಒಳಗೆ ಲೈಟಿಲ್ಲ. ಅಂಗಡಿ ಸಾಲು ಮುಗಿದು, ತಿರುವು ಕಳೆದ ಮೇಲೆ ಸಿಗುತ್ತದೆ ಅದು. ಒಂದು ಪಕ್ಕ ಕಾಫಿ ತೋಟದ ಬೇಲಿ, ಇನ್ನೊಂದು ಪಕ್ಕ ವೈನ್ ಶಾಪ್. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ, ಮಂಜು ಕವಿದಾಗ ಸಂಜೆ ಆರೂವರೆಗೇ ಅಲ್ಲಿ ಕತ್ತಲು. ಒಳಗೆ ಯಾರು ಕೂತಿದ್ದಾರೆ ಅಂತ ರಸ್ತೆಯಿಂದ ಕಾಣುವುದಿಲ್ಲ. ಒಳಗೆ ಹೋದರೆ ನಮಗೂ ರಸ್ತೆ ಕಾಣುವುದಿಲ್ಲ. ಇಂಥ ಜಾಗದಲ್ಲಿ ಯಾವ ಹೆಂಗಸು ಒಬ್ಬಳೇ ಬಸ್ಸಿಗೆ ಕಾಯುತ್ತಾಳೆ? ನಾವ್ಯಾರೂ ಕಾಯುವುದಿಲ್ಲ. ಕೊಡೆ ಹಿಡಿದು ಹೊರಗೆ ರಸ್ತೆ ಬದಿ ನೆನೆಯುತ್ತಾ ನಿಲ್ಲುತ್ತೇವೆ.

ಮೊದಲು ಬಸ್ ನಿಲ್ಲುತ್ತಿದ್ದುದು ಬೇಕರಿ ಮುಂದೆ. ಅಲ್ಲಿ ಸೂರಿರಲಿಲ್ಲ, ನಿಜ. ಆದರೆ ಬೇಕರಿಯ ಬೆಳಕಿತ್ತು, ಹೂ ಮಾರುವ ಅಕ್ಕ ಇದ್ದರು, ಎದುರಿಗೆ ಮೆಡಿಕಲ್ ಶಾಪ್ ಇತ್ತು. ಯಾರಾದರೂ ಸುಮ್ನೆ ಹತ್ತಿರ ಬಂದು ಮೈಗೆ ತಾಗುವ ಹಾಗೆ ನಿಂತರೆ ಆ ಅಕ್ಕನೇ ಗದರಿಸುತ್ತಿದ್ದರು. ಟ್ರಾಫಿಕ್‌ಗೆ ತೊಂದರೆ ಅಂತ ಸ್ಟಾಪನ್ನೂ ಎತ್ತಿದರು, ಅವರ ಬುಟ್ಟಿಯನ್ನೂ ಎತ್ತಿಸಿದರು. ಬೀದಿಯ ನೆಮ್ಮದಿ ಕಾಯುವವರು ಮುಖ್ಯವಾಗಿ ಪೊಲೀಸರಲ್ಲ, ಅಲ್ಲೇ ವ್ಯಾಪಾರ ಮಾಡುವ, ಓಡಾಡುವ ಜನರ ಕಣ್ಣು ಅಂತ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಬರೆದಿದ್ದರು. ನಮ್ಮಲ್ಲಿ ಇದ್ದ ಕಣ್ಣುಗಳನ್ನು ಓಡಿಸಿ, ಕಾಂಕ್ರೀಟ್ ಗೋಡೆ ಎಬ್ಬಿಸಿದರು.

ದೂರು ಕೊಡಲು ಹೋದೆ. ಸಾಹೇಬರು ಹೇಳಿದ್ದು: "ಮೇಡಂ, ಸಿಸಿಟಿವಿ ಹಾಕಿಸ್ತೀವಿ. ಅಲ್ಲಿವರೆಗೆ ನೀವು ಕತ್ತಲಾಗೋ ಮುಂಚೆ ಮನೆ ಸೇರ್ಕೊಳ್ಳಿ."

ಹೇಗೆ ಸೇರಿಕೊಳ್ಳಲಿ? ನನ್ನ ಕೆಲಸ ಬಿಡುವುದೇ ಆರಕ್ಕೆ. ಬಟ್ಟೆ ಅಂಗಡಿ ಹುಡುಗಿಯರಿಗೆ ಇನ್ನೂ ತಡ. ಹೋಂಸ್ಟೇಗಳಲ್ಲಿ ಅಡುಗೆ ಮಾಡುವವರು, ಆಸ್ಪತ್ರೆಯ ಆಯಾಗಳು, ಇವರೆಲ್ಲ ಕತ್ತಲಿಗೆ ಮುಂಚೆ ಮನೆ ಸೇರಿದರೆ ಈ ಪೇಟೆ ನಡೆಯುತ್ತದಾ? ಇನ್ನು ಕ್ಯಾಮೆರಾ. ಜೋರು ಗಾಳಿ ಮಳೆ ಬಂದರೆ ಕೊಡಗಿನಲ್ಲಿ ಕರೆಂಟ್ ಇರುತ್ತದಾ? ಇದ್ದರೂ ಕತ್ತಲಲ್ಲಿ ಅದಕ್ಕೆ ಏನು ಕಾಣಬೇಕು? ಕಂಡರೂ, ಆಗಬಾರದ್ದು ಆದ ಮೇಲೆ ಪೊಲೀಸರು ನೋಡುವುದಕ್ಕೆ ಅದು. ನನಗೆ ಆಗುವ ಮೊದಲೇ ಧೈರ್ಯ ಬೇಕು.

ಶೌಚಾಲಯದ ವಿಷಯ ಬಂದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಇದೆ, ಇಲ್ಲ ಅಂತಲ್ಲ. ವೈನ್ ಶಾಪಿನ ಹಿಂದೆ ಇದೆ. ಸಂಜೆ ಆರಕ್ಕೆ ಹೆಂಗಸರ ಕಡೆಗೆ ಬೀಗ. ಗಂಡಸರ ಕಡೆ ತೆರೆದೇ ಇರುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಸಂತೆಗೆ ಬರುವ ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಹೋಗುವುದೆಲ್ಲಿ ಅಂತ ಭಯ. ತೋಟದಲ್ಲಿ ಕೆಲಸಗಾರರಿಗೆ ಶೌಚಾಲಯ, ಕುಡಿಯುವ ನೀರು ಕೊಡಬೇಕು ಅಂತ 1951ರ ಪ್ಲಾಂಟೇಶನ್ ಕಾಯ್ದೆಯೇ ಹೇಳಿತ್ತು. ಕಾಫಿ ಕುಯ್ಯುವ ಜಾಗದಲ್ಲಿ ಇವತ್ತಿಗೂ ಗಿಡದ ಮರೆಯೇ ಗತಿ. ದಿನವಿಡೀ ಅಲ್ಲಿ ತಡೆದುಕೊಂಡವರು ಸಂತೆಗೆ ಬಂದರೆ ಇಲ್ಲೂ ತಡೆದುಕೊಳ್ಳಬೇಕು. ಮುಟ್ಟಿನ ದಿನಗಳಲ್ಲಿ ಏನು ಮಾಡುತ್ತಾರೆ ಅಂತ ಪ್ಲಾನ್ ಬರೆದ ಒಬ್ಬರಾದರೂ ಯೋಚಿಸಿದ್ದಾರಾ?

ಫುಟ್‌ಪಾತ್ ಬಗ್ಗೆ ಹೇಳುವುದೇ ಬೇಡ. ಶನಿವಾರ, ಭಾನುವಾರ ಅದರ ಮೇಲೆ ಪ್ರವಾಸಿಗರ ಕಾರು. ಮಗುವನ್ನು ಎತ್ತಿಕೊಂಡವರು, ಕೋಲೂರಿ ನಡೆಯುವ ಅಜ್ಜಿಯರು ಲಾರಿ ಬರುವ ರಸ್ತೆಗೇ ಇಳಿಯಬೇಕು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಒಳ್ಳೆಯದೇ. ಆದರೆ ನಮ್ಮ ಊರುಗಳ ಒಳರಸ್ತೆಗೆ ಬರುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ದುಡ್ಡು ಕೊಡಲೇಬೇಕು. ಅದಿರಲಿ. ಬಸ್ಸಿನಿಂದ ಇಳಿದ ಮೇಲೆ ಮನೆವರೆಗಿನ ದಾರಿ ಯಾರ ಜವಾಬ್ದಾರಿ? ನಮ್ಮ ಬಸ್ಸಿನ ಹಳೇ ಡ್ರೈವರಣ್ಣ ಕತ್ತಲಾದರೆ ತೋಟದ ಗೇಟಿನ ಹತ್ತಿರವೇ ನಿಲ್ಲಿಸುತ್ತಾರೆ. ನಾನು ಒಳಗೆ ಹೋಗುವವರೆಗೆ ಹೆಡ್‌ಲೈಟ್ ಹಾಗೇ ಇಟ್ಟಿರುತ್ತಾರೆ. ಅವರು ರಜೆ ಹಾಕಿದ ದಿನ ಬೇರೆಯವರು "ಇಲ್ಲಿ ಸ್ಟಾಪ್ ಇಲ್ಲ" ಅಂತ ಮುಂದೆ ಒಯ್ದು ಇಳಿಸುತ್ತಾರೆ. ಆನೆ ಓಡಾಡುವ ದಾರಿ ಅದು. ಕೆನಡಾದ ಮಾಂಟ್ರಿಯಲ್‌ನಲ್ಲಿ 1996ರಿಂದಲೇ, ರಾತ್ರಿ ಒಂಟಿ ಹೆಂಗಸು ಕೇಳಿದರೆ ಎರಡು ಸ್ಟಾಪ್‌ಗಳ ನಡುವೆ ಬಸ್ ನಿಲ್ಲಿಸುವ ನಿಯಮ ಇದೆ. ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಇಲ್ಲಿ ಅದು ಒಬ್ಬ ಡ್ರೈವರಣ್ಣನ ಒಳ್ಳೆಯ ಮನಸ್ಸಿನ ಮೇಲೆ ನಿಂತಿದೆ.

ಆಸ್ಟ್ರಿಯಾದ ವಿಯೆನ್ನಾ ನಗರದವರು 1990ರ ದಶಕದಲ್ಲಿ ಪಾರ್ಕುಗಳಲ್ಲಿ ಹುಡುಗಿಯರು ಯಾಕೆ ಕಾಣುವುದಿಲ್ಲ ಅಂತ ಗಮನಿಸಿದರು. ಹತ್ತು ವರ್ಷದ ಆಸುಪಾಸಿಗೆ ಹುಡುಗಿಯರು ಬರುವುದೇ ಬಿಡುತ್ತಿದ್ದರು, ಇಡೀ ಜಾಗ ಹುಡುಗರ ಕೈಗೆ ಹೋಗುತ್ತಿತ್ತು. ಆಮೇಲೆ ದೊಡ್ಡ ಬಯಲನ್ನು ಭಾಗ ಮಾಡಿ, ಬೇರೆ ಆಟಗಳಿಗೂ ಕೂರುವುದಕ್ಕೂ ಜಾಗ ಕೊಟ್ಟು, ದಾರಿಗಳನ್ನು ಸರಿ ಮಾಡಿದರು. ಹುಡುಗಿಯರು ಮತ್ತೆ ಬಂದರು. ನಮ್ಮದು ಹಾಕಿಯ ನಾಡು, ಇಲ್ಲಿ ಹೆಣ್ಣುಮಕ್ಕಳೂ ಸ್ಟಿಕ್ ಹಿಡಿಯುತ್ತಾರೆ. ಆದರೂ ನಮ್ಮ ಪೇಟೆಯ ಮೈದಾನದಲ್ಲಿ ಅವರಿಗೆ ಬಟ್ಟೆ ಬದಲಿಸಲು ಒಂದು ಕೋಣೆಯಿಲ್ಲ. ಮಗಳು ಆಡಲು ಬರಲ್ಲ ಅಂದರೆ ಆಸಕ್ತಿ ಇಲ್ಲ ಅಂತ ಅವಳ ತಲೆಗೇ ಕಟ್ಟುತ್ತೇವೆ.

ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ತಂಗುದಾಣದ ಸಭೆ ಇಟ್ಟಿದ್ದು ಕೆಲಸದ ದಿನ, ಬೆಳಗ್ಗೆ ಹನ್ನೊಂದಕ್ಕೆ. ಕೂಲಿ ಬಿಟ್ಟು ಯಾರು ಬರುತ್ತಾರೆ? ಮುಂದಿನ ಸಭೆಯನ್ನು ಭಾನುವಾರ ಇಡಿ. ಅದಕ್ಕೂ ಮೊದಲು, ಮಳೆಗಾಲದ ಒಂದು ಸಂಜೆ ಏಳು ಗಂಟೆಗೆ, ಕಾರಿಲ್ಲದೆ, ನಮ್ಮ ಜೊತೆ ಬೇಕರಿಯಿಂದ ಆ ತಂಗುದಾಣದವರೆಗೆ ನಡೆದು ಬನ್ನಿ. ಯಾವ ಕಂಬಕ್ಕೆ ಲೈಟ್ ಬೇಕು, ಯಾವ ಗೋಡೆ ಒಡೆಯಬೇಕು, ಬೀಗದ ಕೈ ಯಾರ ಹತ್ತಿರ ಇರಬೇಕು, ಎಲ್ಲವನ್ನೂ ಅಲ್ಲೇ ತೋರಿಸುತ್ತೇವೆ. ಬರೆದುಕೊಳ್ಳಲು ಎಂಜಿನಿಯರನ್ನೂ ಕರೆದುಕೊಂಡು ಬನ್ನಿ.