ಬಾಡಿಗೆ ಕರಾರಿಲ್ಲದ ಹುಲಿ

2016 ಗೋವಾಕ್ಕೆ ವಿಚಿತ್ರ ವರ್ಷ. ವರ್ಷದ ಶುರುವಿಗೇ ಮರ ಸಂರಕ್ಷಣೆ ಕಾಯ್ದೆಗೆ ತಿದ್ದುಪಡಿ ಬಂತು, ಮರಗಳ ಪಟ್ಟಿಯಿಂದ ತೆಂಗು ಹೊರಬಿತ್ತು. ಅದಾದ ಸ್ವಲ್ಪ ದಿನಕ್ಕೆ ಕೃಷಿ ಮಂತ್ರಿಗಳು ಮಂಗ, ಕಾಡುಹಂದಿ, ಕಾಡುಕೋಣ, ನವಿಲುಗಳನ್ನು ಉಪದ್ರವಿ ಪ್ರಾಣಿಗಳ ಸಾಲಿಗೆ ಸೇರಿಸುವ ಮಾತಾಡಿದರು. ನವಿಲು ರಾಷ್ಟ್ರಪಕ್ಷಿ. ಕಾಡುಕೋಣ ಸಾಕ್ಷಾತ್ ಗೋವಾದ ರಾಜ್ಯಪ್ರಾಣಿ! 2017ರಲ್ಲಿ ಚುನಾವಣೆ ಮುಗಿದ ಮೇಲೆ ತೆಂಗು ಮತ್ತೆ ಮರವಾಯಿತು. ನಡುವೆ ಅದು ಏನಾಗಿತ್ತೋ ಗೊತ್ತಿಲ್ಲ, ಪಾಪ, ಕಾಯಿ ಮಾತ್ರ ಬಿಡುತ್ತಲೇ ಇತ್ತು.

ರೈತರ ಸಿಟ್ಟೇನೂ ಸುಳ್ಳಲ್ಲ. ಗೋವಾದ ಸತ್ತರಿ ತಾಲೂಕಿನ ಕಡೆ ಹಂದಿ ಹಿಂಡು ಒಂದು ರಾತ್ರಿ ಗದ್ದೆಗೆ ನುಗ್ಗಿದರೆ ಬೆಳಗ್ಗೆ ತೆನೆಗಿಂತ ಗುಂಡಿಯೇ ಜಾಸ್ತಿ. ಡಬ್ಬ ಬಡಿದು, ಪಟಾಕಿ ಹೊಡೆದು ಕಾದವರ ನಿದ್ದೆಗೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ಹೊಡೆಯೋಣ ಅಂದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಕೇಂದ್ರ ಸರ್ಕಾರ ಮನಸ್ಸು ಮಾಡಿದರೆ ಇಂತಿಷ್ಟು ಕಾಲಕ್ಕೆ ಅಂತ ಹಂದಿಯನ್ನು ಪೀಡೆ ಎಂದು ಸಾರಬಹುದು. 2015ರ ಕೊನೆಗೆ ಬಿಹಾರದಲ್ಲಿ, 2016ರಲ್ಲಿ ಉತ್ತರಾಖಂಡದಲ್ಲಿ ಹಾಗೆ ಮಾಡಿದ್ದರು. ನವಿಲು, ಕಾಡುಕೋಣಕ್ಕೆ ಆ ದಾರಿಯೂ ಇಲ್ಲ, ಎರಡೂ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪರಿಚ್ಛೇದದವು. ಅಲ್ಲದೆ ಬೇಟೆ ಬಾಗಿಲು ತೆರೆದರೆ ಮೊದಲು ಒಳಗೆ ಬರುವವನು ನಿದ್ದೆಗೆಟ್ಟ ರೈತನಲ್ಲ. ಶನಿವಾರ ರಾತ್ರಿ ಜೀಪು, ದೊಡ್ಡ ಟಾರ್ಚು, ಹಿಂದಿನ ಸೀಟಲ್ಲಿ ಮಸಾಲೆ ಡಬ್ಬಿ ಇಟ್ಟುಕೊಂಡ ಪೇಟೆಯ ದಣಿ.

ಇದೇ ಜಗಳ ದೂರದ ಹವಾಯಿಯಲ್ಲೂ ಇದೆ. ಕಬ್ಬಿನ ಗದ್ದೆಗೆ ನೀರು ಬೇಕಲ್ಲ ಅಂತ 1903ರಲ್ಲೇ ಅಲ್ಲಿ ಮೀಸಲು ಅರಣ್ಯದ ಕಾನೂನು ತಂದರು. ಅಲ್ಲಿಯ ಹಂದಿ ಮನುಷ್ಯರ ಜೊತೆ ದೋಣಿಯಲ್ಲಿ ಬಂದದ್ದು. ಅದು ನೆಲ ಅಗೆದು ಕಾಡು ಕೆಡಿಸುತ್ತದೆ ಅಂತ ಸರ್ಕಾರ ಬೇಲಿ ಹಾಕಿದರೆ, ನಮ್ಮ ಬೇಟೆ ಹೋಯಿತು ಅಂತ ಬೇಟೆಗಾರರು ಕೂಗಾಡುತ್ತಾರೆ. ಇಲ್ಲಿನ ಹಂದಿ ಹಾಗಲ್ಲ, ಈ ಕಾಡಿನದೇ. ಅದನ್ನು ಹಿಡಿಯುವ ಬೇಟೆಗಾರನೂ ಮೊದಲಿಂದ ಇಲ್ಲೇ ಇದ್ದಾನೆ. ಬಂದೂಕಿನ ಲೈಸೆನ್ಸ್ ಕೇಳುವುದಿಲ್ಲ, ಭತ್ಯೆ ಕೇಳುವುದಿಲ್ಲ. ಮೈಮೇಲೆ ಪಟ್ಟೆ ಇದೆ, ಅಷ್ಟೇ.

ಆದರೆ ಅವನ ಕಾಗದಪತ್ರ ಸರಿ ಇಲ್ಲ.

2023ರ ಜನವರಿ ನೆನಪಿಸಿಕೊಳ್ಳಿ. ಮಹದಾಯಿ ನೀರು ತಿರುಗಿಸಿದರೆ ನಮ್ಮ ಅಭಯಾರಣ್ಯದ ಪ್ರಾಣಿಗಳ ಗತಿ ಏನು ಅಂತ ಗೋವಾದ ಮುಖ್ಯ ವನ್ಯಜೀವಿ ಪಾಲಕರು ಕರ್ನಾಟಕಕ್ಕೆ ನೋಟಿಸು ಕಳಿಸಿದರು. ಕಣ್ಣಲ್ಲಿ ನೀರು ತರಿಸುವ ಪ್ರಾಣಿಪ್ರೀತಿ. ಅದೇ ವರ್ಷ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ, ಸರಿ ಹಾಗಾದರೆ, ಮೂರು ತಿಂಗಳಲ್ಲಿ ಆ ಅಭಯಾರಣ್ಯವನ್ನು ಹುಲಿ ಮೀಸಲು ಪ್ರದೇಶ ಮಾಡಿ ಅಂದಿತು. ಸರ್ಕಾರ ಸೀದಾ ಸುಪ್ರೀಂ ಕೋರ್ಟಿಗೆ ಓಡಿತು. ಈ ಹುಲಿಗಳು ಇಲ್ಲಿಯ ಖಾಯಂ ನಿವಾಸಿಗಳಲ್ಲ, ಆ ಕಡೆಯಿಂದ ಬಂದು ಹೋಗುವವು ಎಂಬ ವಾದವೂ ಕೇಳಿತು.

ಆ ಕಡೆ ಅಂದರೆ ನಮ್ಮ ಖಾನಾಪುರದ ಭೀಮಗಡ. ಎರಡು ಕಾಡುಗಳ ನಡುವೆ ಗೋಡೆಯಿಲ್ಲ, ಗೇಟಿಲ್ಲ. ಘಟ್ಟ ಇಳಿದು ಬಂದು, ಬಾಡಿಗೆದಾರರ ಫಾರ್ಮನ್ನು ಪೊಲೀಸ್ ಠಾಣೆಗೆ ಕೊಡದೆ ಉಳಿದುಬಿಟ್ಟಿದೆ ಹುಲಿ. 2020ರ ಜನವರಿಯಲ್ಲಿ ಸತ್ತರಿಯ ಗೋಳಾವಲಿಯಲ್ಲಿ ವಿಷಕ್ಕೆ ಸತ್ತದ್ದು ಒಂದು ತಾಯಿ, ಮೂರು ಮರಿ. ಮೂರು ಮಕ್ಕಳ ಸಂಸಾರ ಹೂಡಿದವಳನ್ನೂ ಪ್ರವಾಸಿ ಅನ್ನುವುದಾದರೆ, ವಾಸ್ಕೋದ ಬೈನಾದಲ್ಲಿ ಮೊಮ್ಮಕ್ಕಳನ್ನು ಕಂಡ ನಮ್ಮ ಬಾಗಲಕೋಟೆ, ಗದಗಿನ ಜನ ಏನು, ಬೀಚು ನೋಡಲು ಬಂದವರಾ?

ನಮ್ಮ ಕಡೆಯವರೂ ಏನು ಕಡಿಮೆ ಇಲ್ಲ ಬಿಡಿ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿ ನಮಗೆ ಬಾಯಿಪಾಠ. ಆ ನೀರನ್ನು ಮಳೆಗಾಲದಲ್ಲಿ ಹೀರಿಟ್ಟುಕೊಂಡು ಬೇಸಿಗೆಗೆ ಸ್ವಲ್ಪ ಸ್ವಲ್ಪವೇ ಬಿಡುವ ಕಾಡು ಎಷ್ಟು ಎಕರೆ ಅಂತ ಕೇಳಿದರೆ ಎಲ್ಲರಿಗೂ ಕೆಮ್ಮು ಬರುತ್ತದೆ. ಎರಡು ರಾಜ್ಯಕ್ಕೂ ನಲ್ಲಿ ಬೇಕು, ಟ್ಯಾಂಕು ಬೇಡ.

ಫೋಂಡಾ ಪೇಟೆಯಲ್ಲಿ ಬೆಳಗಾವಿ ಕಾಯಿಪಲ್ಲೆ ಮಾರುವ ಗದಗಿನ ಅಕ್ಕ ಒಬ್ಬರಿದ್ದಾರೆ. ಕೊಂಕಣಿ ಚೆನ್ನಾಗಿ ಬರುತ್ತದೆ, ಬೈಯಬೇಕಾದರೆ ಮಾತ್ರ ಗದಗಿನದೇ ಹೊರಬರುತ್ತದೆ. ಮೊನ್ನೆ ಬೀನ್ಸ್ ಆರಿಸುತ್ತಿದ್ದ ಗಿರಾಕಿ ಬಾಯಿಯೊಬ್ಬರು, "ನಮ್ಮ ಮಹದಾಯಿ ನೀರೂ ನಿಮಗೇ ಬೇಕು, ಮೇಲಿಂದ ನಿಮ್ಮ ಹುಲಿ ಬೇರೆ ನಮ್ಮ ಮೇಲೆ ಬಿಟ್ಟಿದ್ದೀರಿ. ಮೊದಲು ಅದನ್ನು ವಾಪಸು ಕರ್ಕೊಂಡು ಹೋಗಿ" ಅಂದರು.

ಅಕ್ಕ ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಹೊಳಿನೂ ನಮ್ಮ ಖಾನಾಪುರದಾಗ ಹುಟ್ಟತೈತ್ರಿ ಬಾಯಿ. ಅದನ್ನೂ ಕರಕೊಂಡ ಹೋಗ್ಲೇನು?"

ಗಿರಾಕಿ ಏನೂ ಹೇಳಲಿಲ್ಲ. ಪುಕ್ಕಟೆ ಕೊತ್ತಂಬರಿ ಎರಡು ಕಡ್ಡಿ ಜಾಸ್ತಿ ಎಳಕೊಂಡು ಹೊರಟರು.